ನಾಲ್ಕು ಗಂಟೆ ಸಾಕು ಅಂದಿದ್ದೆ

ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಅಭಿಪ್ರಾಯಭೇದ, ಹಳಬರು ಹೊಸಬರ ನಡುವಿನ ತಿಕ್ಕಾಟ, ಕೆಲಸದ ಮೇಲಿನ ಕಾಳಜಿ ಎಂದೆಲ್ಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಯಾವುದೂ ಒಗ್ಗಲಿಲ್ಲ. ಅದು ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೇ ಶುರುವಾಗುತ್ತಿದ್ದ ಅಪ್ಪಟ ಹೊಟ್ಟೆಕಿಚ್ಚು.

ನಾನು ಮೈಸೂರಿನವಳು. ಕೊಚ್ಚಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ನಡುವೆ ಒಂದೆರಡು ವರ್ಷ ತಿರುವನಂತಪುರದಲ್ಲಿದ್ದೆ. ಕಾರ್ಖಾನೆಗಳ ಶಾಖ, ಒತ್ತಡ ಅಳೆಯುವ ಮೀಟರುಗಳನ್ನು ಪರೀಕ್ಷಿಸಿ, ಅವು ತೋರಿಸುವ ಅಳತೆ ಸರಿಯಾಗಿದೆಯೇ ಎಂದು ಸರ್ಟಿಫಿಕೇಟ್ ಕೊಡುವ ಕೇಂದ್ರವೊಂದರಲ್ಲಿ ಅಧಿಕಾರಿ. ಏಲೂರಿನ ದೊಡ್ಡ ಕಾರ್ಖಾನೆಗಳಿಂದ, ಆಲುವದ ಸಣ್ಣ ಶೆಡ್ಡುಗಳಿಂದ, ಸಿಗಡಿ ಹೆಪ್ಪುಗಟ್ಟಿಸುವ ಘಟಕಗಳಿಂದ ಮೀಟರುಗಳು ನಮ್ಮಲ್ಲಿಗೆ ಬರುತ್ತವೆ. ಬಂದದ್ದು ಒಂಬತ್ತು ಮೇಜು ದಾಟಬೇಕು. ಒಬ್ಬರು ಬರೆದುಕೊಳ್ಳುತ್ತಾರೆ, ಒಬ್ಬರು ಅದನ್ನು ನೋಡಿ ಸಹಿ ಹಾಕುತ್ತಾರೆ, ಇನ್ನೊಬ್ಬರು ಆ ಸಹಿ ಇದೆಯೇ ಎಂದು ನೋಡುತ್ತಾರೆ. ಪರೀಕ್ಷೆಗೆ ಬೇಕಾದದ್ದು ಅರ್ಧ ದಿನ. ಮೀಟರು ನಮ್ಮಲ್ಲಿ ಇರುತ್ತಿದ್ದದ್ದು ಐದಾರು ವಾರ.

ಇದು ಸರಿಯಲ್ಲ ಎಂದು ಮೊದಲು ಹೇಳಿದವಳು ನಾನು. ಈ ಮಾತನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಹನ್ನೊಂದು ವರ್ಷದ ಹಿಂದೆ, ಕಳಮಶ್ಶೇರಿಯ ನಮ್ಮ ಕ್ವಾರ್ಟರ್ಸಿನಲ್ಲಿ ಆರು ತಿಂಗಳ ಭಾನುವಾರಗಳನ್ನೆಲ್ಲ ಬಲಿಕೊಟ್ಟು ಅರವತ್ತೆರಡು ಪುಟದ ವರದಿ ಬರೆದೆ. ಒಂಬತ್ತು ಮೇಜು ನಾಲ್ಕಾಗಬೇಕು, ಯಾರ್‍ಯಾರ ಕೆಲಸ ಎಲ್ಲೆಲ್ಲಿಗೆ ಹೋಗಬೇಕು, ಯಾವ ನಿಯಮ ತಿದ್ದಬೇಕು, ಎಲ್ಲ ಇತ್ತು. ಏಳು ಅನುಬಂಧಗಳಿದ್ದವು. ವರದಿ ಮೇಲಕ್ಕೆ ಹೋಯಿತು, ಒಂದು ಸಮಿತಿಯಾಯಿತು, ಸಮಿತಿಯ ಅಧ್ಯಕ್ಷರು ನಿವೃತ್ತರಾದರು. ಕಡೆಗೆ ‘ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು’ ಎಂಬ ಷರಾ ಹೊತ್ತು ವಾಪಸು ಬಂತು. ಸೂಕ್ತ ಸಮಯ ಬಂದಾಗ ನನ್ನನ್ನೇ ಕರೆಯುತ್ತಾರೆ ಎಂದು ನಂಬಿಕೊಂಡು ಕೂತೆ.

ಸೂಕ್ತ ಸಮಯ ಮೂರು ವರ್ಷದ ಹಿಂದೆ ಬಂತು. ಕರೆದದ್ದು ಅವಳನ್ನು.

ಅವಳು ಧಾರವಾಡದವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಬೆಂಗಳೂರಿನ ಕೇಂದ್ರದಿಂದ ನಮ್ಮ ತಿರುವನಂತಪುರದ ಶಾಖೆಗೆ ವರ್ಗವಾಗಿ ಬಂದಿದ್ದಳು. ಮಗಳಿಗೆ ಶಾಲೆ ಯಾವುದು, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಫೋನಿನಲ್ಲಿ ಹೇಳಿ, ವಿಳಾಸ ಬರೆದು ಕಳಿಸಿದವಳು ನಾನೇ. ಬಂದು ಮೂರನೇ ವಾರಕ್ಕೆ ಅಲ್ಲಿನ ಜನ ಅವಳನ್ನು ‘ಚೇಚಿ’ ಅನ್ನತೊಡಗಿದ್ದರು. ಚೇಚಿ ಅಂದರೆ ಅಕ್ಕ. ನಾನು ಹತ್ತೊಂಬತ್ತು ವರ್ಷದಿಂದ ‘ಮೇಡಂ’. ಅವಳ ಮಲಯಾಳ ನನ್ನದಕ್ಕಿಂತ ಕೆಟ್ಟದಾಗಿತ್ತು ಎನ್ನುವುದನ್ನೂ ಇಲ್ಲಿ ಬರೆದಿಡಬೇಕು.

ಕೊಚ್ಚಿಯಲ್ಲಿ ಕೂರುವ ನಮ್ಮ ನಿರ್ದೇಶಕರು ಒಂದು ದಿನ ನನ್ನನ್ನು ಕರೆದು, ತಿರುವನಂತಪುರದಲ್ಲಿ ಅವಳ ಕೈಲಿ ಅಜೈಲ್ ಎಂಬ, ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡಿ ತಿದ್ದಿಕೊಳ್ಳುವ ಪದ್ಧತಿಯ ಒಂದು ಪ್ರಯೋಗ ಮಾಡಿಸುತ್ತಿದ್ದೇವೆ ಎಂದರು. ಅದು ಗೆದ್ದರೆ ಎರಡೂ ಊರಿನ ಕಚೇರಿಗಳಿಗೆ ಹಬ್ಬಿಸುವುದು, ಇಡೀ ಬದಲಾವಣೆಯ ಹೊಣೆಯನ್ನು ಒಬ್ಬರಿಗೆ ಒಪ್ಪಿಸುವುದು ಎಂದರು. ಆ ಒಬ್ಬರು ನಾನೇ ಎಂದು ಎಂಟು ವರ್ಷದಿಂದ ನಾನು ತೀರ್ಮಾನಿಸಿದ್ದೆ. “ನೀವೂ ನಾಲ್ಕು ವಾರ ಅಲ್ಲಿಗೆ ಹೋಗಿ. ನಿಮ್ಮ ಅನುಭವ ಅವರಿಗೆ ಬೇಕಾಗುತ್ತದೆ,” ಎಂದರು. ಅನುಭವ ಎನ್ನುವ ಮಾತನ್ನು ಜನ ಯಾವಾಗ ಬಳಸುತ್ತಾರೆ ಎಂದು ಐವತ್ತು ದಾಟಿದವರಿಗೆಲ್ಲ ಗೊತ್ತು.

ಆ ಪ್ರಯೋಗ ಸೋಲುವುದನ್ನು ಕಣ್ಣಾರೆ ನೋಡಬೇಕೆಂದೇ ನಾನು ರೈಲು ಹತ್ತಿದ್ದು. ಜೂನ್ ತಿಂಗಳು, ಕೊಲ್ಲಂ ದಾಟುವವರೆಗೂ ಮಳೆ.

ಅಲ್ಲಿ ನೋಡಿದರೆ ವರದಿಯಿಲ್ಲ, ಸಮಿತಿಯಿಲ್ಲ. ಗೋಡೆಗೊಂದು ಬಿಳಿ ಹಲಗೆ, ಅದರ ಮೇಲೆ ಮೂರು ಮನೆ: ಬಂದದ್ದು, ನಡೆಯುತ್ತಿರುವುದು, ಮುಗಿದದ್ದು. ಒಂದೊಂದು ಮೀಟರಿಗೂ ಒಂದೊಂದು ಹಳದಿ ಚೀಟಿ. ಮೀಟರು ಮುಂದೆ ಹೋದಂತೆ ಚೀಟಿಯೂ ಮುಂದೆ ಹೋಗುತ್ತದೆ. ಇಡೀ ಕಚೇರಿಯನ್ನು ಅವಳು ಮುಟ್ಟಿರಲಿಲ್ಲ. ಸಿಗಡಿ ಘಟಕಗಳಿಂದ ಬರುವ ಮೀಟರುಗಳು ಮಾತ್ರ, ಐದು ಜನ ಮಾತ್ರ, ಎರಡೆರಡು ವಾರದ ಸುತ್ತು. ಒಂದು ಸುತ್ತು ಮುಗಿದ ಮೇಲೆ ಕೂತು ತಪ್ಪು ಒಪ್ಪು ನೋಡಿ ತಿದ್ದಿಕೊಂಡು ಇನ್ನೊಂದು ಸುತ್ತು. ನಾನು ಇಡೀ ಮನೆ ಕೆಡವಿ ಕಟ್ಟಲು ಅಪ್ಪಣೆ ಕೇಳಿದ್ದೆ. ಅವಳು ಒಂದೇ ಒಂದು ಕಿಟಕಿ ತೆರೆದಿದ್ದಳು.

ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಹಲಗೆಯ ಮುಂದೆ ಐದೂ ಜನ ನಿಲ್ಲಬೇಕು. ಕೂರುವಂತಿಲ್ಲ. ಕೂತರೆ ಮಾತು ಬೆಳೆಯುತ್ತದಂತೆ. ಪ್ರತಿಯೊಬ್ಬರಿಗೂ ಮೂರೇ ಪ್ರಶ್ನೆ. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಅಡ್ಡಿ ಏನಾದರೂ ಇದೆಯೇ?

ಮೊದಲ ದಿನವೇ ಸ್ಟೋರಿನ ಹಿರಿಯರು ಬಾಯಿಬಿಟ್ಟರು. ಸ್ಟೋರಿನ ಕೀ ಗೇಟಿನ ಕಾವಲುಗಾರನ ಹತ್ತಿರ ಇರುತ್ತದೆ, ಅವನು ಅದನ್ನು ಕೊಡುವುದು ಹತ್ತೂವರೆಗೆ, ಅಲ್ಲಿಯವರೆಗೆ ತಮಗೆ ಕೆಲಸವಿಲ್ಲ ಎಂದರು. ಅವಳು “ಓಕೆ ಚೇಟ್ಟಾ,” ಸರಿ ಅಣ್ಣಾ, ಎಂದು ಹಲಗೆಯ ಮೂಲೆಯಲ್ಲಿ ಬರೆದುಕೊಂಡಳು. ಮಧ್ಯಾಹ್ನ ಚಾಯ ಬರುವಷ್ಟರಲ್ಲಿ ಅವರ ಕೈಯಲ್ಲಿ ಎರಡನೇ ಕೀ ಇತ್ತು. ನನ್ನ ವರದಿಯ ನಾಲ್ಕನೇ ಅನುಬಂಧದಲ್ಲಿ ಆ ಕೀಯ ಬಗ್ಗೆ ಮೂರು ಪುಟ ಇತ್ತು! ಆ ರಾತ್ರಿ ಗೆಸ್ಟ್ ಹೌಸಿನಲ್ಲಿ ಊಟ ಸೇರಲಿಲ್ಲ.

ಒಂದೇ ವಾರದಲ್ಲಿ, ಐದಾರು ವಾರ ಕಾಯುತ್ತಿದ್ದ ಮೀಟರುಗಳು ಎರಡು ದಿನದಲ್ಲಿ ಹೊರಬೀಳತೊಡಗಿದವು. ಟೈಪು ಮಾಡುವಾತ ಸರ್ಟಿಫಿಕೇಟಿನ ನಮೂನೆಯನ್ನು ತಾನೇ ಚಿಕ್ಕದು ಮಾಡಿ ತೋರಿಸಿದ. ಪರೀಕ್ಷೆ ಮಾಡುವ ಟೆಕ್ನಿಷಿಯನ್, ಆಟ್ಟಿಂಗಲ್‌ನಿಂದ ದಿನಾ ಬಸ್ಸಿನಲ್ಲಿ ಬರುವ ನಲವತ್ತರ ಹೆಂಗಸು, ಹತ್ತು ವರ್ಷದಲ್ಲಿ ಮೊದಲ ಸಲ ಯಾರೋ ತನ್ನ ಮಾತು ಕೇಳುತ್ತಿದ್ದಾರೆ ಎಂದು ನನ್ನ ಹತ್ತಿರವೇ ಹೇಳಿದಳು. ನಾನು ಮೂಗು ಮುರಿದೆ. ಹೊಸತನ ಎಂದರೆ ಮೇಲಿನವರ ತಲೆಯಲ್ಲಿ ಹುಟ್ಟಿ ಕೆಳಗಿಳಿದು ಬರುವಂಥದ್ದು ಎಂದು ತಿಳಿದಿದ್ದವಳು ನಾನು. ಇಲ್ಲಿ ಅದು ಸ್ಟೋರಿನಿಂದ, ಟೈಪಿನ ಮೇಜಿನಿಂದ ಬರುತ್ತಿತ್ತು. ಸಂಕಟವಾಗುತ್ತಿದ್ದದ್ದು ಅದಕ್ಕೇ.

ಈಗ ನನಗೆ ಮಾತ್ರ ಗೊತ್ತಿದ್ದ ವಿಷಯ ಹೇಳಬೇಕು.

ಮೀಟರು ಬಂದ ತಕ್ಷಣ ಪರೀಕ್ಷೆ ಮಾಡುವಂತಿಲ್ಲ. ನಮ್ಮ ಕೋಣೆಯ ಹವೆಗೆ ಅದು ಹೊಂದಿಕೊಳ್ಳಬೇಕು. ಬೆಂಗಳೂರಿನ ಒಣ ಹವೆಯಲ್ಲಿ ನಾಲ್ಕು ಗಂಟೆ ಇಟ್ಟರೆ ಸಾಕು. ತಿರುವನಂತಪುರದ ಮಳೆಗಾಲದಲ್ಲಿ, ಅದೂ ಸಿಗಡಿ ಘಟಕದ ಶೀತಲ ಕೋಣೆಯಿಂದ ಬಂದ ಮೀಟರು, ಗಾಜಿನ ಒಳಗೆ ತೇವ ಹಿಡಿದುಕೊಂಡು ಕೂತಿರುತ್ತದೆ. ಹೊರಗೆ ಕಾಣುವುದಿಲ್ಲ. ಪೂರ್ತಿ ಒಂದು ದಿನ ಇಡದೆ ಪರೀಕ್ಷೆ ಮಾಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ಹದಿನೈದು ವರ್ಷದ ಹಿಂದೆ ಆ ಶಾಖೆಯಲ್ಲಿದ್ದಾಗ, ಯಾರದೋ ಅವಸರಕ್ಕೆ ಒಂದು ಮೀಟರನ್ನು ಅದೇ ದಿನ ನೋಡಿಕೊಟ್ಟು ನಾನು ಪಾಠ ಕಲಿತಿದ್ದೆ. ಆದರೆ ಎಲ್ಲೂ ಬರೆದಿಡಲಿಲ್ಲ. ಬರೆಯುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ನಮ್ಮಲ್ಲಿ ಪ್ರತಿಯೊಂದು ಮೀಟರೂ ಹೇಗಿದ್ದರೂ ವಾರಗಟ್ಟಲೆ ಕಪಾಟಿನಲ್ಲಿ ಕೂತಿರುತ್ತಿತ್ತು. ನಮ್ಮ ಸೋಮಾರಿತನವೇ ಅದನ್ನು ಒಣಗಿಸುತ್ತಿತ್ತು. ನನ್ನ ಅರವತ್ತೆರಡು ಪುಟದಲ್ಲೂ ಈ ವಿಷಯ ಇಲ್ಲ. ನನ್ನ ವರದಿಯನ್ನು ಒಪ್ಪಿದ್ದರೆ ನಾನೂ ಇದೇ ಗುಂಡಿಗೆ ಬೀಳುತ್ತಿದ್ದೆ, ಆದರೆ ಇಡೀ ಕೇರಳವನ್ನು ಜೊತೆಗೆ ಕರೆದುಕೊಂಡು.

ಮೊದಲ ದಿನ ಹಲಗೆಯ ಮುಂದೆ ನಿಂತಾಗಲೇ ಇದು ಹೊಳೆಯಿತು. ಕಾಯುವುದನ್ನು ತೆಗೆದುಹಾಕಿದ್ದಾರೆ, ಅದರ ಜೊತೆಗೆ ಒಣಗುವುದೂ ಹೋಯಿತು. ನನ್ನ ಸರದಿ ಬಂತು. ಅಡ್ಡಿ ಏನಾದರೂ ಇದೆಯೇ ಎಂದಳು. “ಒನ್ನುಮಿಲ್ಲ,” ಎಂದೆ. ಏನೂ ಇಲ್ಲ. ಮರುದಿನವೂ ಅದನ್ನೇ ಹೇಳಿದೆ. ಅದರ ಮರುದಿನವೂ.

ಐದನೆಯ ದಿನ ಅವಳು ನನ್ನನ್ನು ಮನೆಗೆ ಊಟಕ್ಕೆ ಕರೆದಳು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಮಗಳು ನನ್ನ ಕನ್ನಡಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು, ಥೇಟ್ ನನ್ನ ಮಗನ ಹಾಗೆ. ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕುತ್ತ ಅವಳು ಕೇಳಿದಳು.

“ಅಕ್ಕಾರ, ನೀವು ಹನ್ನೆರಡ ವರ್ಷದ ಹಿಂದ ಇಲ್ಲೇ ಇದ್ರೆಲ್ಲ? ಒಂದ ಮಾತ ಕೇಳತೀನಿ. ಬೆಂಗಳೂರಾಗ ನಾವು ಮೀಟರ ಬಂದ ಮ್ಯಾಲೆ ನಾಕ ತಾಸ ಇಟ್ಟು ಆಮ್ಯಾಲೆ ಪರೀಕ್ಷಾ ಮಾಡತಿದ್ವಿ. ಇಲ್ಲೂ ಹಂಗ ಮಾಡೇನಿ. ನಾಕ ತಾಸ ಸಾಕಲ್ರೀ?”

ತುತ್ತು ಬಾಯಲ್ಲೇ ಇತ್ತು. ಇಷ್ಟು ನೇರವಾಗಿ ಕೇಳುತ್ತಾಳೆ ಎಂದುಕೊಂಡಿರಲಿಲ್ಲ. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂದು ಅಲ್ಲಿಯವರೆಗೆ ಸಮಾಧಾನ ಮಾಡಿಕೊಂಡಿದ್ದೆ.

“ಸಾಕು ಬಿಡಿ. ನಾಲ್ಕು ಗಂಟೆ ಧಾರಾಳವಾಯ್ತು,” ಎಂದೆ. “ಎಣಗಾಯಿ ತುಂಬ ಚೆನ್ನಾಗಿದೆ ಕಣ್ರೀ.”

ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಿಂದೆ.

ಎರಡನೇ ವಾರದ ಬುಧವಾರ ಸಿಗಡಿ ಘಟಕವೊಂದರ ಮ್ಯಾನೇಜರು ತಾನೇ ಬಂದ. ಮೀಟರನ್ನು ಮೇಜಿನ ಮೇಲಿಟ್ಟು, ನಿಮ್ಮ ಸರ್ಟಿಫಿಕೇಟ್ ಒಂದು ಹೇಳುತ್ತದೆ, ನಮ್ಮ ಕೋಣೆಯ ಶಾಖ ಇನ್ನೊಂದು ಹೇಳುತ್ತದೆ, ಚೇಚಿ ನೀವೇ ನೋಡಿ ಎಂದ. ಅವಳು ಆ ಸುತ್ತಿನಲ್ಲಿ ಹೊರಗೆ ಹೋಗಿದ್ದ ಹನ್ನೆರಡು ಮೀಟರನ್ನೂ ಮರುದಿನ ಸಂಜೆಯೊಳಗೆ ವಾಪಸು ತರಿಸಿದಳು. ರಾತ್ರಿ ಕಳೆದು ಮತ್ತೆ ಪರೀಕ್ಷಿಸಿದಾಗ ಏಳು ತಪ್ಪಾಗಿದ್ದವು.

ಬುಧವಾರ ಸಂಜೆ ನಾನು ಸ್ಟೇಷನ್ ಹತ್ತಿರದ ಚಾಯದ ಅಂಗಡಿಗೆ ಹೋಗಿ ಎರಡು ಪಳಂಪೊರಿ ತಿಂದೆ. ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಅಷ್ಟು ರುಚಿಯಾಗಿ ಏನನ್ನೂ ತಿಂದು ಬಹಳ ದಿನವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆವತ್ತು ನಾಚಿಕೆಯಾಗಿರಲಿಲ್ಲ.

ನಾಚಿಕೆಯಾದದ್ದು ಶುಕ್ರವಾರ. ಸುತ್ತು ಮುಗಿಯುವ ದಿನ. ನಿರ್ದೇಶಕರು ಬೆಳಗಿನ ರೈಲಿಗೆ ಕೊಚ್ಚಿಯಿಂದ ಬಂದರು, ಬಂದವರೇ ಕೇಳಿದ್ದು ನಾವೆಲ್ಲ ಬಲ್ಲ ಹಳೆಯ ಪ್ರಶ್ನೆ: “ಈ ಏಳಕ್ಕೆ ಸಹಿ ಹಾಕಿದ್ದು ಯಾರು?” ಸಹಿ ಆಟ್ಟಿಂಗಲ್‌ನ ಟೆಕ್ನಿಷಿಯನ್‌ದು. ನಾನು ಕೈ ತೊಳೆಯಲು ಹೋದಾಗ ಆ ಹೆಂಗಸು ಅಲ್ಲಿ ನಿಂತು ಅಳುತ್ತಿದ್ದಳು. ನನ್ನನ್ನು ಕಂಡು, “ಮೇಡಂ, ನಾನು ಎರಡೆರಡು ಸಲ ನೋಡಿದ್ದೆ, ಆಣೆ ಮಾಡಿ ಹೇಳುತ್ತೇನೆ,” ಎಂದಳು. ಸರಿಯಾಗಿಯೇ ನೋಡಿದ್ದಳು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? “ಸಾರಮಿಲ್ಲ,” ಎಂದೆ. ಪರವಾಗಿಲ್ಲ. ಆ ಮಾತು ಆಡುವಾಗ ನನ್ನ ದನಿ ನನಗೇ ಅಸಹ್ಯವಾಯಿತು.

ಸುತ್ತಿನ ಕೊನೆಗೆ ಎಲ್ಲರೂ ಕೂತು ಎಲ್ಲಿ ಎಡವಿದೆವು ಎಂದು ಚೀಟಿಯಲ್ಲಿ ಬರೆಯುವುದು ಆ ಪದ್ಧತಿಯ ಕ್ರಮ. ಹೆಸರು ಹಾಕುವಂತಿಲ್ಲ. ಯಾರು ಮಾಡಿದರು ಎನ್ನುವುದು ಬೇಡ, ಏನಾಯಿತು ಎನ್ನುವುದು ಸಾಕು ಎಂದು ಧಾರವಾಡದವಳು ನಿರ್ದೇಶಕರ ಮುಖ ನೋಡಿಕೊಂಡೇ ಹೇಳಿದಳು. ನಾನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಮಳೆಗಾಲದಲ್ಲಿ ಒಂದು ದಿನ ಇಡಬೇಕು, ಇದು ನಮ್ಮಲ್ಲಿ ಒಬ್ಬರಿಗೆ ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ. ಹೇಳಿದ ಹಾಗೂ ಆಯಿತು, ಸಿಕ್ಕಿಬೀಳದ ಹಾಗೂ ಆಯಿತು ಎನ್ನುವುದು ನನ್ನ ಲೆಕ್ಕಾಚಾರ.

ಅವಳು ಒಂದೊಂದೇ ಚೀಟಿ ಬಿಡಿಸಿ ಗಟ್ಟಿಯಾಗಿ ಓದುತ್ತ ಬಂದಳು. ನನ್ನದು ಬಂದಾಗ ನಿಂತಳು. ನನ್ನ ಕೈಬರಹ ಅವಳಿಗೆ ಗೊತ್ತು. ಜೋಳದ ಹಿಟ್ಟಿನ ಅಂಗಡಿಯ ವಿಳಾಸವನ್ನೂ ನಾನು ಬರೆದೇ ಕಳಿಸಿದ್ದೆ. ಒಂದು ಸಲ ನನ್ನತ್ತ ನೋಡಿ, ಮತ್ತೆ ಚೀಟಿಯತ್ತ ನೋಡಿ, ಓದಿದಳು: “ಮಳೆಗಾಲದಲ್ಲಿ ಮೀಟರನ್ನು ಒಂದು ದಿನ ಇಡಬೇಕು. ಹಳಬರಿಗೆ ಗೊತ್ತಿರುವುದನ್ನು ನಾವು ಸರಿಯಾಗಿ ಕೇಳಿ ತಿಳಿದುಕೊಳ್ಳಲಿಲ್ಲ.”

ನಾನು ಬರೆದದ್ದು ಅದಾಗಿರಲಿಲ್ಲ. ನನ್ನ ತಪ್ಪನ್ನು ಅವಳು ತನ್ನ ತಪ್ಪು ಮಾಡಿಕೊಂಡು ಓದಿದ್ದಳು. ನಿರ್ದೇಶಕರು ತಲೆದೂಗಿದರು. ಅಷ್ಟಕ್ಕೆ ಮುಗಿಯಿತು, ನಾನು ಬಚಾವಾದೆ.

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ಉರಿದಷ್ಟು ನನ್ನ ಹೊಟ್ಟೆ ಯಾವತ್ತೂ ಉರಿದಿಲ್ಲ. ಕೀ ತರಿಸಿದಳು, ಸಹಿಸಿಕೊಂಡೆ. ಚೇಚಿ ಅನ್ನಿಸಿಕೊಂಡಳು, ಸಹಿಸಿಕೊಂಡೆ. ಈ ಒಳ್ಳೆಯತನವೂ ಅವಳದೇ ಆಗಬೇಕೇ? ಇನ್ನುಳಿದ ನೌಕರಿಯನ್ನೆಲ್ಲ ನಾನು ಅವಳ ಉಪಕಾರದಲ್ಲಿ ಕಳೆಯಬೇಕೇ? ಎದ್ದು ನಿಂತೆ.

“ಆ ಚೀಟಿಯಲ್ಲಿ ಹಾಗಿಲ್ಲ,” ಎಂದೆ. ಎಲ್ಲರಿಗೂ ತಿಳಿಯಲಿ ಎಂದು ನನ್ನ ಹರಕು ಮುರುಕು ಮಲಯಾಳದಲ್ಲೇ ಹೇಳಿದೆ. “ಬರೆದವಳು ನಾನು. ನನಗೆ ಗೊತ್ತಿತ್ತು. ಅವರು ನನ್ನನ್ನು ಕೇಳಿದ್ದರು. ನಾಲ್ಕು ಗಂಟೆ ಸಾಕು ಎಂದು ಸುಳ್ಳು ಹೇಳಿದೆ. ಸಹಿ ಹಾಕಿದವರ ತಪ್ಪು ಇದರಲ್ಲಿ ಏನೂ ಇಲ್ಲ.”

ಟೆಕ್ನಿಷಿಯನ್ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಚೀಲ ತೆಗೆದುಕೊಂಡು ಹೊರಗೆ ಹೋದಳು. ಈಗಲೂ ನಾನು ಆ ಶಾಖೆಗೆ ಹೋದರೆ, ನಾನು ಕೂತ ಮೇಜಿನಲ್ಲಿ ಅವಳು ಊಟಕ್ಕೆ ಕೂರುವುದಿಲ್ಲ.

ವರಾಂಡದಲ್ಲಿ ಧಾರವಾಡದವಳು ನನ್ನನ್ನು ತಡೆದು ನಿಲ್ಲಿಸಿದಳು. ಕಣ್ಣು ಕೆಂಪಾಗಿದ್ದವು.

“ಯಾಕ ಎದ್ದ ನಿಂತ್ರಿ? ನಾ ಮುಚ್ಚಿದ್ನೆಲ್ಲ?”

“ಅದಕ್ಕೇ ಎದ್ದದ್ದು. ನಿಮ್ಮ ದೊಡ್ಡತನ ನನ್ನ ಕೈಲಿ ತಡೆಯೋಕಾಗಲ್ಲ ಕಣ್ರೀ,” ಎಂದೆ.

“ದೊಡ್ಡತನಾ?” ಅವಳ ದನಿ ಏರಿತು. “ನಿಮ್ಮ ಸಲುವಾಗಿ ಮುಚ್ಚೀನಿ ಅಂತ ತಿಳದ್ರೇನ? ಇವತ್ತ ಒಬ್ಬರ ಹೆಸರ ಹೊರಗ ಬಂತಂದ್ರ ಮುಂದ ಯಾರೂ ಖರೇ ಬರಿಯಂಗಿಲ್ಲ. ಚೀಟಿ ಉಳೀಲಿ ಅಂತ ಮುಚ್ಚಿದೆ. ನಮ್ಮನ್ಯಾಗ ಕುಂತು ರೊಟ್ಟಿ ತಿಂತ ಸುಳ್ಳ ಹೇಳಿದ್ರೆಲ್ಲ ಅಕ್ಕಾರ, ನಿಮ್ಮನ್ನ ಯಾಕ ಉಳಸಲಿ ನಾ?”

ನನ್ನನ್ನು ಕಾಪಾಡಿದಳು ಎಂದು ನಾನು ಉರಿದುಕೊಂಡಿದ್ದೂ ದಂಡವಾಗಿತ್ತು.

ಪ್ರಯೋಗ ನಿಲ್ಲಲಿಲ್ಲ. ಮೀಟರುಗಳು ಒಂದು ದಿನ ಕಾಯಲು ಹಲಗೆಯ ಮೇಲೆ ಇನ್ನೊಂದು ಮನೆ ಬರೆದರು, ಮುಂದಿನ ಸುತ್ತಿನಲ್ಲಿ ಒಂದೂ ತಪ್ಪಾಗಲಿಲ್ಲ. ನನ್ನ ಸುಳ್ಳಿಗೆ ಒಂದು ಇಲಾಖೆಯನ್ನೇ ಮುಳುಗಿಸುವ ಶಕ್ತಿಯಿದೆ ಎಂದುಕೊಂಡಿದ್ದೆ. ಅದು ಮುಳುಗಿಸಿದ್ದು ಏಳು ಮೀಟರು, ಎರಡು ದಿನ. ಸಣ್ಣದಾಗಿ ಶುರುಮಾಡುವುದರ ಲಾಭ ಏನೆಂದು ಆಮೇಲೆ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತಿದ್ದೆ, ಸುಳ್ಳು ಹೇಳಿದ್ದು ಯಾರೆಂದು ಬಿಟ್ಟು. ಎರಡೂ ಊರಿನ ಹೊಣೆ ಅವಳಿಗೆ ಹೋಯಿತು. ನನಗೆ ನಿರ್ದೇಶಕರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡಿದ ಹತ್ತು ನಿಮಿಷದ ಮಾತು ಸಿಕ್ಕಿತು. ಕೊಚ್ಚಿಗೆ ವಾಪಸು ಬಂದು ನನ್ನ ಮೇಜಿನಲ್ಲಿ ಕೂತೆ.

ಮೂರು ತಿಂಗಳು ಅವಳು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಕೊಚ್ಚಿಯಲ್ಲಿ ಅವಳು ಶುರುಮಾಡಿದ ಗುಂಪು ನನ್ನ ಕೋಣೆಯ ಎದುರೇ ದಿನಾ ಹಲಗೆಯ ಮುಂದೆ ನಿಲ್ಲುತ್ತಿತ್ತು. ನಾನು ಗಾಜಿನ ಈಚೆಯಿಂದ ನೋಡುತ್ತಿದ್ದೆ. ನಗು ಕೇಳಿಸುತ್ತಿತ್ತು, ಆದರೆ ಚೀಟಿಗಳು ವಾರಗಟ್ಟಲೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ.

ಒಂದು ಮಧ್ಯಾಹ್ನ ಅವಳ ಫೋನು ಬಂತು. ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ.

“ಕೊಚ್ಚಿ ಗುಂಪನ್ನ ನೀವು ನಡಸ್ರಿ,” ಎಂದಳು.

“ನಾನಾ? ನನ್ನನ್ನ ನಂಬ್ತೀರಾ?”

“ನಂಬಿಕಿ ಮಾತ ಬ್ಯಾಡ. ಅಲ್ಲೆ ಒಂಬತ್ತ ಮಂದಿ ದಿನಾ ಮುಂಜಾನೆ ಅಡ್ಡಿ ಏನೂ ಇಲ್ಲ ಅಂತಾರ. ಒಬ್ರೂ ಖರೇ ಹೇಳವಲ್ರು. ಮಂದಿ ಯಾಕ ಮುಚ್ಚಿಡತಾರ ಅನ್ನೋದು ನನಗ ತಿಳಿಯಂಗಿಲ್ಲ ಅಕ್ಕಾರ. ನಿಮಗ ತಿಳೀತದ.”

“ಇನ್ನೂ ಸಿಟ್ಟಿದೆಯಾ ನನ್ನ ಮೇಲೆ?”

“ಐತಿ,” ಎಂದಳು. “ಸೋಮವಾರದಿಂದ ಬರ್ತೀರೇನು?”

ಬರ್ತೀನಿ ಎಂದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನನ್ನನ್ನು ಕರೆಯುತ್ತಿರಲಿಲ್ಲ.